ಕಡಗ ಬಿಚ್ಚಿ ತೂಗಿದ ಕೂಸು

ನನ್ನ ಮೊದಲ ಮಗ ತಿಂಗಳು ತುಂಬುವ ಮೊದಲೇ ಹುಟ್ಟಿದ. ಮುದ್ದಾಗಿದ್ದ ಅಂತ ಸುಳ್ಳು ಹೇಳಲಾರೆ, ಅಳಿಲುಮರಿಯ ಹಾಗಿದ್ದ. ಬದುಕುತ್ತಾನೋ ಇಲ್ಲವೋ ಅನ್ನುವುದೊಂದೇ ಆಗ ನಮಗಿದ್ದ ಯೋಚನೆ.

ಹೊನ್ನೂರಿನಿಂದ ವಾರಕ್ಕೊಮ್ಮೆ ಗಾಡಿ ಕಟ್ಟಿಸಿಕೊಂಡು ನಾನೂ ನನ್ನತ್ತೆಯೂ ಕೊಳ್ಳೇಗಾಲದ ಆಸ್ಪತ್ರೆಗೆ ಹೋಗುತ್ತಿದ್ದೆವು. ಅಲ್ಲಿಯ ನರ್ಸಮ್ಮ ಕೂಸನ್ನು ಪರದೇಶದ ತಕ್ಕಡಿಯಲ್ಲಿ ಮಲಗಿಸಿ, ಎದುರು ತಟ್ಟೆಗೆ ಹಿತ್ತಾಳೆಯ ತೂಕದ ಕಲ್ಲುಗಳನ್ನು ಇಡುತ್ತಿದ್ದರು. ನಮಗೆ ಗೊತ್ತಿದ್ದದ್ದು ಸೇರು, ತೊಲ. ಅವರದು ಗ್ರಾಂ, ಸಾವಿರ ಸೇರಿದರೆ ಒಂದು ಕಿಲೋ. ನನ್ನ ಮಗ ಎರಡು ಕಿಲೋ ಕೂಡ ಇರಲಿಲ್ಲ. ಔಷಧಿಯನ್ನೂ ಅವನ ತೂಕ ನೋಡಿಯೇ ಅಳೆದು ಕೊಡುತ್ತಿದ್ದರು.

ರೇಷ್ಮೆಗೂಡು ತೂಗಿ ಕೊಂಡು ನೂಲು ತೆಗೆಯುತ್ತಿದ್ದ ಅತ್ತೆಗೆ ಕೂಸನ್ನು ತೂಗುವುದು ಹಿಡಿಸುತ್ತಿರಲಿಲ್ಲ. ಮಾರುವ ಮಾಲನ್ನು ತೂಗುತ್ತಾರೆ, ಮಕ್ಕಳನ್ನು ತೂಗಿದರೆ ದೃಷ್ಟಿಯಾಗುತ್ತದೆ ಅಂತ ದಾರಿಯುದ್ದಕ್ಕೂ ಗೊಣಗುತ್ತಿದ್ದರು. ಹೆಸರಿಟ್ಟ ಮೇಲೆ ಕೂಸಿಗೆ ಬೆಳ್ಳಿಯ ಕಡಗ, ಉಡಿದಾರ, ತಾಯಿತ ಎಲ್ಲ ಹಾಕಿ, ಯಾರೂ ಬಿಚ್ಚಕೂಡದು ಎಂದರು. ಆ ವಾರ ಹಾಗೇ ಬಟ್ಟೆ ಸುತ್ತಿ ತಕ್ಕಡಿಯಲ್ಲಿಟ್ಟರು. ಬಟ್ಟೆಯ ತೂಕವನ್ನು ನರ್ಸಮ್ಮ ಕಳೆದರು. ಒಳಗಿನ ಬೆಳ್ಳಿ ಅವರಿಗೆ ಕಾಣಲಿಲ್ಲ. ನೂರೈವತ್ತು ಗ್ರಾಂ ಏರಿದ್ದಾನೆ ಅಂತ ಖುಷಿಪಟ್ಟು, ಔಷಧಿ ಜಾಸ್ತಿ ಮಾಡಲು ಹೊರಟರು.

ಬೆಳ್ಳಿಯ ತೂಕಕ್ಕೂ ಸೇರಿಸಿ ಔಷಧಿ ಕೊಟ್ಟುಬಿಡುತ್ತಾರೆಂದು ನಾನು ಕೂಸಿನ ಬಟ್ಟೆಗೆ ಕೈ ಹಾಕಿದೆ.

"ಲೇ, ಮುಟ್ಬೇಡ. ಬರಿಮೈಲಿ ತೂಗಕೆ ನನ್ ಮೊಮ್ಮಗ ಏನ್ ರೇಸ್ಮೆಗೂಡಾ?" ಅಂದರು ಅತ್ತೆ.

"ಗೂಡ್ನಲ್ಲಿ ಬೇರೆ ಏನಾರ ಸೇರ್ಸಿದ್ರೆ ನೀವೇ ಒಪ್ಪಕಿಲ್ಲ ಕಣತ್ತೆ" ಅಂದು ಎಲ್ಲ ಬಿಚ್ಚಿದೆ.

ಮತ್ತೆ ತೂಗಿದಾಗ ಏರಿದ್ದು ಮೂವತ್ತೇ ಗ್ರಾಂ. ನರ್ಸಮ್ಮ ಬೈಯಲಿಲ್ಲ. ಕೂಸಿಗೆ ಚೀಪುವ ಶಕ್ತಿಯಿಲ್ಲ, ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿ ಎಂದರು. ಗಾಡಿಯಲ್ಲೇ ಅತ್ತೆ ಕಡಗ, ಉಡಿದಾರ, ತಾಯಿತ ಮತ್ತೆ ಹಾಕಿದರು. ಆದರೆ ಮನೆಯಲ್ಲಿ ಒಳಲೆಯನ್ನು ನನ್ನ ಕೈಗೆ ಕೊಡಲೇ ಇಲ್ಲ. ಹನಿ ಹನಿಯಾಗಿ ತಾವೇ ಕುಡಿಸಿದರು. ಅವನು ತುಟಿ ಬಿಗಿದುಕೊಂಡರೆ ಗಲ್ಲ ಸವರಿ ಕಾಯುತ್ತಿದ್ದರು.

ಮುಂದಿನ ವಾರ ಅತ್ತೆ ಆಸ್ಪತ್ರೆಯ ಮೆಟ್ಟಿಲಲ್ಲೇ ಕೂತು ಕಡಗ, ಉಡಿದಾರ, ತಾಯಿತ ಬಿಚ್ಚಿ ಮಡಿಲಿಗೆ ಹಾಕಿಕೊಂಡರು.

"ಬರೀ ಕೂಸ್ನ ತೂಗ್ರವ್ವ."

ಇನ್ನೂರು ಗ್ರಾಂ ಏರಿದ್ದ. ಅದು ಎಷ್ಟು ಅಂತ ಅತ್ತೆಗೆ ತಿಳಿಯಲಿಲ್ಲ. ನರ್ಸಮ್ಮ ಇನ್ನೂರು ಗ್ರಾಮಿನ ಕಲ್ಲನ್ನು ಅವರ ಅಂಗೈಯಲ್ಲಿಟ್ಟರು.

"ಇಷ್ಟೂ ಅವನ್ದೇಯಾ?"

ಅವನದೇ ಎಂದರು ನರ್ಸಮ್ಮ. ಅತ್ತೆ ಕಲ್ಲಿನ ಮೇಲೆ ಬೆರಳು ಮಡಚಿಕೊಂಡು ನಿಂತರು. ಬೇರೆ ಮಕ್ಕಳನ್ನೂ ತೂಗಬೇಕು ಕೊಡಿ ಎಂದು ನರ್ಸಮ್ಮ ಕೇಳುವವರೆಗೂ ವಾಪಸು ಕೊಡಲಿಲ್ಲ.