ಡಬ್ಬಿ ತಗೊಂಡ ಬರ್ರಿ

ಶಾಲು ಹೊದೆಯಲು ಸಿದ್ಧರಾಗಿ ಕೂತ ದೊಡ್ಡ ಮನುಷ್ಯರಿಗೆ "ಜೋಳದ ಡಬ್ಬಿ ತಗೊಂಡ ಬರ್ರಿ" ಎಂದು ನೀವು ಎಂದಾದರೂ ಹೇಳಿದ್ದೀರಾ? ಹೋದ ಭಾನುವಾರ ನಾನು ಏರ್ಪಡಿಸಿದ ಕಾರ್ಯಕ್ರಮದಲ್ಲಿ ನಲವತ್ತು ಜನ ಗಣ್ಯರಿಗೆ ಹೆಚ್ಚು ಕಡಿಮೆ ಹಾಗೆಯೇ ಹೇಳಲಾಯಿತು. ಒಬ್ಬರಾದ ಮೇಲೆ ಒಬ್ಬರಿಗೆ. ಅದೂ ಲಿಖಿತವಾಗಿ. (ಬೈಯುವ ಮೊದಲು ಪೂರ್ತಿ ಓದಿ.)

ನಾನು ಅಥಣಿಯಲ್ಲಿ ಕಂಪ್ಯೂಟರ್ ಪಾಠ ಹೇಳುವ ಮಾಸ್ತರ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಈಗೀಗ ಎಲ್ಲರ ಕೈಗೂ ಟಚ್ ಸ್ಕ್ರೀನ್ ಬಂದಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ಹುಡುಗ ಹುಡುಗಿಯರು ಮನೆಯಲ್ಲೇ ಕೂತು ಆ್ಯಪ್ ಮಾಡುತ್ತಿದ್ದಾರೆ. ಇವರನ್ನೆಲ್ಲ ಒಂದು ದಿನ ಸೇರಿಸಿ ಟೆಕ್ನಿಕಲ್ ಕಾನ್ಫರೆನ್ಸ್ ಮಾಡಿದರೆ ಹೇಗೆ? ಬೆಂಗಳೂರಿನಲ್ಲಿ ವಾರಕ್ಕೆ ಹತ್ತು ನಡೆಯುತ್ತವಂತೆ. ಅಥಣಿಯಲ್ಲಿ ಒಂದು ನಡೆಯಬಾರದೆ?

ಹೀಗೊಂದು ಹುಳ ತಲೆ ಹೊಕ್ಕಿತು. ಹುಳ ಬಿಟ್ಟವಳು ರೇಶ್ಮಾ.

ರೇಶ್ಮಾ ನನ್ನ ಹಳೆಯ ವಿದ್ಯಾರ್ಥಿನಿ, ಹಾರೂಗೇರಿಯವಳು. ಅಪ್ಪನದು ಹಿಟ್ಟಿನ ಗಿರಣಿ. ಅಲ್ಲಿ ದಿನ ಬೆಳಗಾದರೆ "ನನ್ನ ಡಬ್ಬಿ ಮೊದಲ ಇಟ್ಟೀನಿ" ಎಂದು ಜಗಳ. ಇವಳು ಅದಕ್ಕೊಂದು ಆ್ಯಪ್ ಮಾಡಿದಳು. ಹೆಸರು 'ಪಾಳಿ', ಅಂದರೆ ಸರದಿ. ಡಬ್ಬಿ ಇಟ್ಟವರ ಹೆಸರು, ನಂಬರು ಹಾಕಿದರೆ ಸಾಕು, ನಿಮ್ಮ ಮುಂದೆ ಎಷ್ಟು ಜನ ಇದ್ದಾರೆ ಎಂದು ಮೆಸೇಜ್ ಬರುತ್ತಲೇ ಇರುತ್ತದೆ. ಸಾದಾ ಫೋನಿಗೂ ಬರುತ್ತದೆ. ಸರದಿ ಬಂದ ಕೂಡಲೇ ಕೊನೆಯ ಮೆಸೇಜ್. ಗಿರಣಿಯಲ್ಲಿ ಈಗ ಜಗಳವೇ ಇಲ್ಲ.

ಆದರೆ ಅಪ್ಪನಿಗೆ ಸಮಾಧಾನವಿಲ್ಲ. "ಸರ್, ಈ ಸಮ್ಮೇಳನ ಒಂದ ನೋಡ್ತೀನ್ರಿ. ಯಾರರ ಈ ಆ್ಯಪ್ ತಗೊಂಡ್ರ ತಗೊಂಡ್ರು, ಇಲ್ಲಂದ್ರ ಆಕೀ ಲ್ಯಾಪ್‌ಟಾಪ್ ಮಾರಿ ಗಿರಣಿಗೆ ಎರಡನೇ ಕಲ್ಲ ಹಾಕಸ್ತೀನಿ" ಎಂದು ನನಗೇ ಹೇಳಿದ್ದರು.

ಹಾಗಾಗಿ ಪುಣೆಯಿಂದ ನನ್ನ ಪರಿಚಯದ ಜೋಶಿಯವರನ್ನು ಕರೆಸಿದೆ. ಅವರದು ಅಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ. ಒಂದು ಒಳ್ಳೆಯ ಆ್ಯಪ್ ಆರಿಸಿ, ಮಾಡಿದವರ ಜೊತೆ ಕೂತು ಬೆಳೆಸುತ್ತೇವೆ ಎಂದಿದ್ದರು. ಹನ್ನೊಂದೂವರೆಯಿಂದ ಹದಿನೈದು ನಿಮಿಷ ರೇಶ್ಮಾಳ ಡೆಮೊ. ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ಕೈಯಾರೆ ಬರೆದಿದ್ದೆ.

ಜಾಗ? ನಮ್ಮೂರ ಹಿರಿಯರಾದ ಅಪ್ಪಾಸಾಹೇಬ ಕಾಕಾ ತಮ್ಮ ಮಂಗಲ ಕಾರ್ಯಾಲಯ, ಅಂದರೆ ಮದುವೆ ಹಾಲ್, ಪುಕ್ಕಟೆ ಕೊಟ್ಟರು. ಒಂದೇ ಒಂದು ಶರತ್ತು.

"ಮಾಸ್ತರ, ಹಾಲ್ ನಂದು, ಊಟ ನಂದು. ಸತ್ಕಾರ ಅಷ್ಟ ನನ್ನ ಮಾತಿನಂಗ ಆಗಬೇಕು ನೋಡ್ರಿ."

"ಆಗಲಿ ಕಾಕಾ" ಅಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಭಾನುವಾರ ಬೆಳಿಗ್ಗೆ ಆ್ಯಪ್ ಮಾಡುವವರು ಇಪ್ಪತ್ತಾರು ಜನ ಬಂದರು. ಸತ್ಕಾರ ಮಾಡಿಸಿಕೊಳ್ಳುವವರು ನಲವತ್ತು ಜನ. ಎಣಿಸಿ ನೋಡಿದೆ, ಸುಳ್ಳಲ್ಲ. ಅಥಣಿಯಲ್ಲಿ ಮೊದಲು ಮೊಬೈಲ್ ಕೊಂಡ ಸಾವಕಾರರು ಬಂದಿದ್ದರು. (ಆ ಮೊಬೈಲನ್ನು ಡಬ್ಬಿ ಸಮೇತ ತಂದಿದ್ದರು.) ಟವರ್ ನಿಲ್ಲಿಸಲು ಹೊಲದಲ್ಲಿ ಜಾಗ ಕೊಟ್ಟ ತೆಲಸಂಗದ ಗೌಡರು ಬಂದಿದ್ದರು. ಉಳಿದ ಮೂವತ್ತೆಂಟು ಜನ ಏಕೆ ಬಂದಿದ್ದರು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಸತ್ಕಾರವೆಂದರೆ ನಮ್ಮ ಕಡೆ ಬರೀ ಹಾರ ಹಾಕಿ ಕಳಿಸುವುದಲ್ಲ. ಶಾಲು, ತೆಂಗಿನಕಾಯಿ, ಮೇಲೆ ತಲೆಗೆ ಫೇಟಾ, ಅಂದರೆ ರುಮಾಲು. ಫೇಟಾ ಸುತ್ತಲೆಂದೇ ಕಾಕಾ ಸತ್ತಿ ಹಳ್ಳಿಯಿಂದ ಒಬ್ಬ ಮಾಮಾನನ್ನು ಕರೆಸಿದ್ದರು. ತಲೆಗೆ ನಾಲ್ಕು ನಿಮಿಷ. ನಲವತ್ತು ತಲೆ. ಲೆಕ್ಕ ಹಾಕಿ ನನ್ನ ತಲೆ ತಿರುಗಿತು.

"ಕಾಕಾ, ರೆಡಿಮೇಡ್ ಫೇಟಾ ತರಸೂಣೇನ್ರಿ?"

"ಅದು ಬ್ಯಾಂಡಿನವರ ಡ್ರೆಸ್ ಮಾಸ್ತರ. ಮಾನ ಹೋಗತೈತಿ."

ಮಾನ ಇನ್ನೊಂದು ಕಡೆಯಿಂದ ಹೋಗಲು ಶುರುವಾಗಿತ್ತು. ಮೊದಲ ಫೇಟಾ ಯಾರಿಗೆ? ನನ್ನ ಪಟ್ಟಿಯಲ್ಲಿ ಸಾವಕಾರರ ಹೆಸರು ಮೊದಲಿತ್ತು. ಗೌಡರು ಎದ್ದು ನಿಂತರು.

"ನನ್ನ ಟವರ್ ಇಲ್ಲಂದ್ರ ನಿನ್ನ ಮೊಬೈಲ್ ತಗೊಂಡ ಏನ್ ನೆಕ್ಕತಿದ್ದೇನ?"

"ನನ್ನಂಥವರು ಮೊಬೈಲ್ ತಗೋಲಿಲ್ಲಂದ್ರ ನಿನ್ನ ಟವರ್ ಮ್ಯಾಲ ಕಾಗಿ ಕುಂದರತಿದ್ದವು!"

ಗೌಡರು ಚಪ್ಪಲಿ ಮೆಟ್ಟಿದರು. ಅವರ ಹಿಂದೆ ಹತ್ತು ಜನ ಎದ್ದರು. ಕಾಕಾ ಬೆವರು ಒರೆಸಿಕೊಳ್ಳುತ್ತ "ಏನರ ಮಾಡ್ರಿ ಮಾಸ್ತರ" ಅಂದರು. ನಾನೇನು ಮಾಡಲಿ? ನನಗೆ ಪಾಠ ಹೇಳುವುದು ಬರುತ್ತದೆ, ಬೀಗರ ಪಂಚಾಯ್ತಿ ಬರುವುದಿಲ್ಲ.

ಆಗ ಲ್ಯಾಪ್‌ಟಾಪ್ ಹಿಡಿದು ಮೂಲೆಯಲ್ಲಿ ಕೂತಿದ್ದ ರೇಶ್ಮಾ ಎದ್ದು ಬಂದಳು. "ಸರ್, ನಮ್ಮ ಗಿರಣ್ಯಾಗೂ ಇದ ಜಗಳರಿ. ಪಾಳಿ ಹಚ್ಚಲೇನ್ರಿ? ಯಾರು ಮೊದಲ ಬಂದಾರೋ ಅವರದ ಮೊದಲ."

ಹತ್ತು ನಿಮಿಷದಲ್ಲಿ ಎಲ್ಲರ ಹೆಸರು, ನಂಬರು ಫೋನಿನಲ್ಲಿ ಸೇರಿಸಿದಳು. ಆಶ್ಚರ್ಯವೆಂದರೆ ಒಬ್ಬರೂ ತಕರಾರು ತೆಗೆಯಲಿಲ್ಲ! ಈ ಪಾಳಿಯಲ್ಲೂ ಮೊದಲು ಬಂದದ್ದು ಸಾವಕಾರರ ಹೆಸರೇ. ಗೌಡರು ಏನೆಂದರು ಗೊತ್ತೆ? "ಮೊಬೈಲ್ ಹೇಳಿದ ಮ್ಯಾಲ ಮುಗೀತ್ ಬಿಡ್ರಿ." ನಾನು ಬರೆದರೆ ಪಕ್ಷಪಾತ, ಮೊಬೈಲ್ ಬರೆದರೆ ಹಣೆಬರಹ.

ಎಲ್ಲರಿಗಿಂತ ಮೊದಲು ಬಂದಿದ್ದವರು ಜೋಶಿಯವರು. ಅವರು ಫೇಟಾದ ಉದ್ದ ನೋಡಿ ಕೈಮುಗಿದು "ನನ್ನದು ಕೊನೆಗೆ" ಅಂದಿದ್ದರು. ರೇಶ್ಮಾ ಅವರ ಕೆಳಗೆ ತನ್ನ ಹೆಸರು ಹಾಕಿಕೊಂಡಳು. "ಅವರ ಸತ್ಕಾರ ಆದ ಕೂಡಲೇ ನನ್ನ ಡೆಮೊ ರೀ ಸರ್."

ಸಾವಕಾರರ ಕಿಸೆಯಲ್ಲಿ ಟಿಂಗ್ ಎಂದಿತು. ಅವರು ಕನ್ನಡಕ ಏರಿಸಿ, ಮೈಕಿನ ಪಕ್ಕದಲ್ಲೇ ನಿಂತು, ಗಟ್ಟಿಯಾಗಿ ಓದಿದರು: "ನಿಮ್ಮ ಪಾಳಿ ಬಂದೈತಿ. ಡಬ್ಬಿ ತಗೊಂಡ ಬರ್ರಿ."

ಗಿರಣಿಯ ಮೆಸೇಜ್! ಅವಸರದಲ್ಲಿ ಬದಲಿಸುವುದು ಮರೆತಿದ್ದಳು ಹುಡುಗಿ.

"ಯಾವ ಡಬ್ಬಿರಿ ಮಾಸ್ತರ?"

"ಮೊಬೈಲಿನ ಡಬ್ಬಿ ಇರಬೇಕ್ರಿ ಸಾವಕಾರ" ಅಂದುಬಿಟ್ಟೆ.

ಅವರು ಸಂತೋಷದಿಂದ ತಮ್ಮ ಹಳೆಯ ಮೊಬೈಲಿನ ಡಬ್ಬಿ ಹಿಡಿದು ಸ್ಟೇಜ್ ಹತ್ತಿದರು. ಫೋಟೋ ತೆಗೆಯಲಾಯಿತು. ಎರಡನೆಯವರಿಗೆ ಟಿಂಗ್. ಅವರು ಆಚೀಚೆ ನೋಡಿ, ಟೇಬಲ್ ಮೇಲಿದ್ದ ಪೇಢೆ ಡಬ್ಬಿ ಎತ್ತಿಕೊಂಡರು. ಮೂರನೆಯವರು ಕನ್ನಡಕದ ಡಬ್ಬಿ. ನಿಪ್ಪಾಣಿಯ ವ್ಯಾಪಾರಿಯೊಬ್ಬರು ತಂಬಾಕಿನ ಡಬ್ಬಿ. ಗೌಡರು ಸುಣ್ಣದ ಡಬ್ಬಿಯನ್ನೇ ಎದೆಗೆ ಹಿಡಿದು ಫೋಟೋಕ್ಕೆ ನಿಂತರು. ಏನೂ ಇಲ್ಲದವರು ಪಕ್ಕದವರಿಂದ ಕಡ ತಂದರು. ಹದಿನೈದನೆಯವರು ಬರಿಗೈಯಲ್ಲಿ ಬಂದಾಗ ಫೇಟಾ ಮಾಮಾ ಬಟ್ಟೆ ಮಡಚಿ ಹಿಡಿದು "ಡಬ್ಬಿ ಎಲ್ಲೈತ್ರಿ?" ಅಂದ. ಅವರು ನಾಚಿಕೊಂಡು ಇಳಿದು ಹೋಗಿ ತಂದರು.

ಸಂಪ್ರದಾಯ ಹುಟ್ಟಲು ನೂರಾರು ವರ್ಷ ಬೇಕು ಎಂದು ಯಾರು ಹೇಳಿದ್ದು? ನಮ್ಮಲ್ಲಿ ಒಂದು ತಾಸು ಸಾಕು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಮುಂದಿನವರು ಹಿಡಿದಿದ್ದಾರೆ, ನಾವೂ ಹಿಡಿಯೋಣ. ನಮ್ಮ ಅರ್ಧ ಬದುಕು ಹೀಗೇ ಅಲ್ಲವೆ?

ಹನ್ನೊಂದೂವರೆ ದಾಟಿತು. ಹನ್ನೆರಡೂವರೆ ದಾಟಿತು. ಊಟಕ್ಕೆ ಗೋಧಿ ಹುಗ್ಗಿ. ಹುಗ್ಗಿ ಉಂಡ ಆ್ಯಪ್ ಹುಡುಗರಲ್ಲಿ ಅರ್ಧ ಜನ ಕುರ್ಚಿಯಲ್ಲೇ ನಿದ್ದೆ ಹೋದರು, ಅರ್ಧ ಜನ ಬಸ್ ಹಿಡಿದರು. ಸತ್ಕಾರ ಮತ್ತೆ ಶುರುವಾಯಿತು. ರೇಶ್ಮಾ ಮಾತ್ರ ಕೂತಲ್ಲೇ ಕೂತು, ಒಬ್ಬೊಬ್ಬರು ಇಳಿದಂತೆ 'ಮುಂದಿನವರು' ಎಂಬ ಬಟನ್ ಒತ್ತುತ್ತಿದ್ದಳು.

ಮೂರೂವರೆಗೆ ಜೋಶಿಯವರು ವಾಚ್ ನೋಡಿಕೊಂಡರು. ಮಿರಜ್ ಬಸ್ ಹಿಡಿದರೆ ಮಾತ್ರ ಪುಣೆಯ ರೈಲು. ನನಗೆ ಸಿಟ್ಟು ನೆತ್ತಿಗೇರಿತು.

"ಕಾಕಾ, ಆ ಹುಡುಗಿಗೆ ಐದು ನಿಮಿಷ ಮೈಕ್ ಕೊಡ್ರಿ!"

ಕಾಕಾ ಕೆಟ್ಟವರಲ್ಲ. ಮೆತ್ತಗೆ ಹೇಳಿದರು: "ಪಾಳಿ ಮುರೀಬಾರದು ಮಾಸ್ತರ. ಆಕೀನ ಹಚ್ಚಿದ ಪಾಳಿ ಐತಿ."

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕಿಸೆಯಲ್ಲಿ ಟಿಂಗ್. ನಲವತ್ತೊಂದನೆಯ ಹೆಸರು ನನ್ನದು! ಕಾಕಾ ಬೆಳಿಗ್ಗೆಯೇ ಸೇರಿಸಿದ್ದರು.

ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಕಾಣೆ. ನಾನು ಹೋದೆ. ಊಟದ ಡಬ್ಬಿ ಹಿಡಿದು ಹೋದೆ. ಬರೆಯಲು ನಾಚಿಕೆಯಾಗುತ್ತದೆ. ಮಾಮಾ ನನ್ನ ತಲೆಗೆ ಗುಲಾಬಿ ಬಟ್ಟೆ ಬಿಗಿಯುತ್ತಿದ್ದಾಗ, ಜೋಶಿಯವರು ಬಾಗಿಲಲ್ಲಿ ನಿಂತು ಕೈಬೀಸಿ ಹೊರಟುಹೋದರು. ರೇಶ್ಮಾ ನೋಡುತ್ತಲೇ ಇದ್ದಳು.

ಆಮೇಲೆ ಸತ್ಕಾರಕ್ಕೆ ಉಳಿದವರು ಯಾರೂ ಇಲ್ಲ. ಹಾಲ್ ಖಾಲಿ. ಕುರ್ಚಿ ಎತ್ತುವವರು ಬಂದರು. ರೇಶ್ಮಾ 'ಮುಂದಿನವರು' ಬಟನ್ ಒತ್ತಿದಳು.

ಎರಡು ನಿಮಿಷಕ್ಕೆ ನನ್ನ ಫೋನು ರಿಂಗಾಯಿತು. ಜೋಶಿಯವರು, ಬಸ್ಸಿನಿಂದ.

"ಮೆಸೇಜ್ ಬಂದಿದೆ. ನನಗೆ ಕನ್ನಡ ಓದಲು ಬರುವುದಿಲ್ಲ, ಕಂಡಕ್ಟರ್ ಕಡೆಯಿಂದ ಓದಿಸಿದೆ. ಡಬಾ ಕುಠಲಾ ಸರ್? ಯಾವ ಡಬ್ಬಿ?"

ನಾನು ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. "ಬೆಳಿಗ್ಗೆಯಿಂದ ನಲವತ್ತು, ಮೂವತ್ತು, ಹತ್ತು ಎಂದು ಲೆಕ್ಕ ಬರುತ್ತಲೇ ಇತ್ತು. ಒಂದೂ ತಪ್ಪಿಲ್ಲ. ಇದನ್ನು ಮಾಡಿದವಳು ಅಲ್ಲೇ ಇದ್ದಳೆ? ಮತ್ತೆ ಸ್ಟೇಜಿಗೆ ಯಾಕೆ ಕರೆಯಲಿಲ್ಲ?"

ನಾನು ತಲೆಯ ಮೇಲಿನ ಫೇಟಾ ಮುಟ್ಟಿ ನೋಡಿಕೊಂಡೆ.

ಅಷ್ಟರಲ್ಲಿ ಇನ್ನೊಂದು ಟಿಂಗ್. ರೇಶ್ಮಾ ಮತ್ತೊಮ್ಮೆ ಬಟನ್ ಒತ್ತಿದ್ದಳು; ಟಿಂಗ್ ಎಂದದ್ದು ಅವಳದೇ ಫೋನು. "ಸರ್, ನನ್ನ ಪಾಳಿ ಬಂತ್ರಿ" ಎಂದು ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಸ್ಪೀಕರ್ ಹಾಕಿ ಮೈಕಿನ ಮುಂದಿಟ್ಟಳು. ಲ್ಯಾಪ್‌ಟಾಪನ್ನೂ ತೆರೆದಿಟ್ಟು, ಖಾಲಿ ಹಾಲ್‌ಗೆ ನಮಸ್ಕಾರ ಮಾಡಿ ಡೆಮೊ ಶುರುಮಾಡಿದಳು. ಬಸ್ಸು ಕಾಗವಾಡ ದಾಟುವವರೆಗೂ ಮಾತಾಡಿದಳು. ಕುರ್ಚಿ ಎತ್ತುವವರು ಎತ್ತಿದ ಕುರ್ಚಿ ಹಾಕಿಕೊಂಡು ಕೂತರು. ಒಬ್ಬ "ಡಾಕ್ಟರ್ ಪಾಳಿಗೂ ಬರತೈತೇನ್ರಿ?" ಎಂದು ಕೇಳಿದ. ಇಡೀ ಕಾನ್ಫರೆನ್ಸಿನಲ್ಲಿ ಬಂದ ಒಂದೇ ಟೆಕ್ನಿಕಲ್ ಪ್ರಶ್ನೆ ಅದು.

"ಮುಂದಿನ ವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಪುಣೆಗೆ ಬಾ ಅಮ್ಮಾ. ಅಪ್ಪನನ್ನೂ ಕರೆದುಕೊಂಡು ಬಾ" ಎಂದರು ಜೋಶಿ. ಆಮೇಲೆ ನೆಟ್‌ವರ್ಕ್ ಹೋಯಿತು.

ನನಗೆ ಕಣ್ಣು ತುಂಬಿ ಬಂತು. ಇವಳಿಗೂ ಒಂದು ಸತ್ಕಾರ ಮಾಡಬೇಡವೆ? ಶಾಲುಗಳೆಲ್ಲ ಮುಗಿದಿದ್ದವು. ನನ್ನ ತಲೆಯ ಫೇಟಾ ತೆಗೆದು ಅವಳ ಮುಂದೆ ಹಿಡಿದೆ.

ರೇಶ್ಮಾ ಲ್ಯಾಪ್‌ಟಾಪ್ ಚೀಲಕ್ಕೆ ಹಾಕುತ್ತ ಹೇಳಿದಳು: "ಬ್ಯಾಡ್ ಬಿಡ್ರಿ ಸರ್. ಮುಂಜಾನಿಂದ ನೋಡಾಕತ್ತೀನಿ, ಅದನ್ನ ಸುತ್ತಿಕೊಂಡವರ್ಯಾರೂ ಆಮ್ಯಾಲ ಒಂದ ಕೆಲಸಾ ಮಾಡಿಲ್ಲ."