ಹೈದರಾಬಾದಿನಲ್ಲಿ ನಮ್ಮವರು ಯಾರು

ಕಾಲುವೆ ನೀರು ಬಂದ ಹೊಲಗಳ ಮಣ್ಣು ಪರೀಕ್ಷೆಗೆಂದು ಸಗರ ಎಂಬ ಹಳ್ಳಿಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ಹೊಲದ ಮಾಲೀಕ ಶರಣಪ್ಪ ಮನೆಗೆ ಚಹಾಕ್ಕೆ ಕರೆದರು.

"ಓದಿದವ್ರು ಅದೀರಿ, ನಮ್ಮ ಮಾದೇವಿಗೆ ಒಂದು ದಾರಿ ಹೇಳ್ರಿ."

ಮಗಳು ಮಾದೇವಿಗೆ ಎಂ.ಎ. ಮಾಡುವಾಸೆ. ಅಮೆರಿಕದಲ್ಲಿ ನೆಲೆಸಿದ ಏಷ್ಯಾದವರ ಬಗ್ಗೆ ಓದಬೇಕಂತೆ. ಆ ವಿಷಯ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿತ್ತು. ಅಂಚೆ ಮೂಲಕ ಇತಿಹಾಸ ಓದಿದರೆ ಖರ್ಚು ಕಡಿಮೆ. ನಾನು ಶುಲ್ಕ, ಹಾಸ್ಟೆಲು, ಊಟ ಎಲ್ಲ ಕೂಡಿಸಿ ನೋಡಿ, ಅಂಚೆಯೇ ಸರಿ ಎಂದೆ. ಮಾದೇವಿ ತಲೆ ತಗ್ಗಿಸಿದಳು.

ಶರಣಪ್ಪ ಅವಳನ್ನೇ ನೋಡುತ್ತ ಕೇಳಿದರು, "ಹೈದರಾಬಾದಿನ್ಯಾಗ ನಮ್ಮೂರವ್ರು ಯಾರ್ ಅದಾರ?" ಆಮೇಲೆ ನನ್ನ ಕಡೆ ತಿರುಗಿದರು. "ಕಾಲುವಿ ಬರೂಕಿಂತ ಮೊದಲ ಮುಂಬೈಗೆ ದುಡಿಯಾಕ ಹೋಗ್ತಿದ್ವಿರಿ. ಕೂಲಿ ಎಷ್ಟಂತ ಆಮ್ಯಾಲ ಕೇಳ್ತಿದ್ವಿ. ಮೊದಲ ನಮ್ಮವ್ರು ಎಲ್ಲಿ ಅದಾರಂತ ಕೇಳ್ತಿದ್ವಿ."

"ನೀಲವ್ವ ಅತ್ತಿ ಅದಾಳಲ್ಲ," ಎಂದಳು ಮಾದೇವಿ.

"ಮತ್ತ ಹಾಸ್ಟೆಲ್ ಯಾಕ?"

ಅವಳು ನಕ್ಕಳು. "ಅಮೆರಿಕಕ್ಕ ಹೋದವ್ರೂ ಹಿಂಗ ಕೇಳ್ಯಾರ, ಅಪ್ಪಾ. ನಾ ಓದೂದು ಅದನ್ನ."

"ಇಷ್ಟು ತಿಳ್ಕೊಳ್ಳಾಕ ಎರಡು ವರ್ಷ ಬೇಕೇನು?" ಎನ್ನುತ್ತಲೇ ಶರಣಪ್ಪ ಮುಂಬೈಗೆ ಒಯ್ಯುತ್ತಿದ್ದ ಹಳೆಯ ಟ್ರಂಕು ಇಳಿಸಿ, ಟವೆಲಿನಿಂದ ಧೂಳು ಒರೆಸತೊಡಗಿದರು.

ನನ್ನ ಲೆಕ್ಕದಲ್ಲಿ ಅತ್ತೆ ಎಂಬ ಬಾಬತ್ತೇ ಇರಲಿಲ್ಲ.