ಸ್ಲೈಡಿನಲ್ಲಿ ಇಲ್ಲದ ಸ್ನಾಯು

2022ನೇ ಇಸವಿ. ಸರ್ಕಾರಿ ಸೇವೆಯಿಂದ ನಿವೃತ್ತಳಾಗಿ ಚಿಕ್ಕಬಳ್ಳಾಪುರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಪೆಥಾಲಜಿಸ್ಟ್ ಆಗಿದ್ದೆ. ಪೆಥಾಲಜಿಸ್ಟ್ ಎಂದರೆ ರೋಗಿಯನ್ನು ಮುಟ್ಟದ ಡಾಕ್ಟರು. ಸರ್ಜನ್‌ಗಳು ಕತ್ತರಿಸಿ ಕಳಿಸಿದ ಅಂಗಾಂಶವನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ಗಾಜಿನ ಸ್ಲೈಡಿನ ಮೇಲೆ ಬಣ್ಣ ಹಾಕಿ, ಮೈಕ್ರೊಸ್ಕೋಪಿನಲ್ಲಿ ನೋಡಿ ಇದು ಇಂಥ ಕಾಯಿಲೆ ಎಂದು ಬರೆಯುವುದು ನಮ್ಮ ಕೆಲಸ. ದೊಡ್ಡ ಊರುಗಳಲ್ಲಿ ನಮ್ಮನ್ನು ಯಾರೂ ಕೇಳುವುದಿಲ್ಲ. ನಮ್ಮ ಕಡೆಯ ಜನ ಹಾಗಲ್ಲ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲಿಂದ ಬಂದವರಾದರೂ ಕೌಂಟರಿನಲ್ಲಿ ವರದಿ ಇಸಿದುಕೊಂಡು, ಮೆಟ್ಟಿಲು ಹತ್ತಿ ನನ್ನ ಕೋಣೆಯ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು. ಗಾಜಿನಲ್ಲಿ ಕಣ್ಣಾರೆ ನೋಡಿದವಳ ಬಾಯಿಂದಲೇ ಕೇಳಬೇಕು ಎಂಬ ಹಟ. ಆ ಮರ್ಯಾದೆ ನನಗೂ ಹಿಡಿಸುತ್ತಿತ್ತು, ಸುಳ್ಳೇಕೆ ಹೇಳಲಿ.

ಫೆಬ್ರವರಿಯ ಕೊನೆಯಲ್ಲಿ ನಜೀರ್ ಸಾಬರ ಅಂಗಾಂಶ ಬಂತು. ಶಿಡ್ಲಘಟ್ಟದ ರೀಲರ್ ಅವರು. ರೇಷ್ಮೆಗೂಡು ಕೊಂಡು, ಬಿಸಿನೀರಿನಲ್ಲಿ ಬೇಯಿಸಿ, ನೂಲು ತೆಗೆಯುವ ಸಣ್ಣ ಘಟಕ ನಡೆಸುತ್ತಿದ್ದರು. ವಯಸ್ಸು ಐವತ್ತೆಂಟು, ಮೂವತ್ತು ವರ್ಷದ ಬೀಡಿ. ಮೂತ್ರ ಕೆಂಪಗೆ ಹೋಗಲು ಶುರುವಾದಾಗ ನೋವೇನೂ ಇರಲಿಲ್ಲ. ದಿನವಿಡೀ ಒಲೆಯ ಮುಂದೆ ಕೂರುತ್ತೇನಲ್ಲ, ಉಷ್ಣವಾಗಿದೆ ಎಂದುಕೊಂಡು ಎರಡು ತಿಂಗಳು ಎಳನೀರು, ಬಾರ್ಲಿ ನೀರು ಕುಡಿದಿದ್ದರು. ಆಮೇಲೆ ಮೂತ್ರಾಂಗಗಳ ತಜ್ಞರಾದ ಯುರಾಲಜಿಸ್ಟ್ ಒಬ್ಬರು ಮೂತ್ರನಾಳದ ಮೂಲಕ ಉಪಕರಣ ತೂರಿಸಿ, ಮೂತ್ರಕೋಶದೊಳಗಿನ ಗಡ್ಡೆಯನ್ನು ಕೆರೆದು ತೆಗೆದು ನಮಗೆ ಕಳಿಸಿದ್ದರು.

ಕ್ಯಾನ್ಸರ್ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಆದರೆ ಅದು ನಿಧಾನವಾಗಿ ಬೆಳೆಯುವುದೋ ಮೈಮೇಲೆ ಬೀಳುವುದೋ ಎಂದು ನೋಟದಿಂದಷ್ಟೇ ಹೇಳಲು ಆಗುತ್ತಿರಲಿಲ್ಲ. ಅದಕ್ಕಾಗಿ ಮೇಣದ ತುಂಡನ್ನು ಬೆಂಗಳೂರಿಗೆ ಕಳಿಸಿ ಮಾರ್ಕರ್ ಪರೀಕ್ಷೆ ಮಾಡಿಸಿದೆ. ಮಾರ್ಕರ್ ಎಂದರೆ ಜೀವಕೋಶದೊಳಗಿನ ಕೆಲವು ಪ್ರೋಟೀನುಗಳು. ಬಣ್ಣ ಹಾಕಿದರೆ ಕಂದು ಬಣ್ಣಕ್ಕೆ ತಿರುಗಿ ಕಾಣುತ್ತವೆ. ಕೆಐ-67 ಎಂಬುದು ಎಷ್ಟು ಕೋಶಗಳು ಒಡೆದು ಹೆಚ್ಚುತ್ತಿವೆ ಎಂದು ತೋರಿಸುತ್ತದೆ. ಪಿ-53 ಎಂಬುದು ಕೋಶದ ಬ್ರೇಕು ಕೆಟ್ಟಿದೆಯೇ ಎಂದು ತಿಳಿಸುತ್ತದೆ. ಮುಂದೆ ಈ ರೋಗಿಯ ಪಾಡೇನು ಎಂದು ಅಂದಾಜಿಸಲು ಇವು ನೆರವಾಗುತ್ತವೆ. ಅಂದಾಜಿಸಲು ಮಾತ್ರ. ಹತ್ತು ದಿನಕ್ಕೆ ಸ್ಲೈಡುಗಳು ಬಂದವು. ಕೆಐ-67 ನೂರಕ್ಕೆ ಎಂಟು, ಪಿ-53 ಆರೋಗ್ಯವಂತ ಕೋಶದಲ್ಲಿ ಇರುವಂತೆಯೇ ಇತ್ತು. ಒಳ್ಳೆಯ ಸೂಚನೆಗಳು. ಆಗಷ್ಟೇ ಈ ಮಾರ್ಕರುಗಳ ಬಗ್ಗೆ ಒಂದು ತರಬೇತಿ ಮುಗಿಸಿದ್ದ ನನಗೆ ಹುಮ್ಮಸ್ಸೋ ಹುಮ್ಮಸ್ಸು.

ಒಂದು ಕೊರತೆಯಿತ್ತು. ಮೂತ್ರಕೋಶದ ಗೋಡೆಯಲ್ಲಿ ಒಳಪದರ, ಅದರಾಚೆ ಸಡಿಲವಾದ ಪದರ, ಅದರಾಚೆ ಸ್ನಾಯು ಇರುತ್ತದೆ. ಗಡ್ಡೆ ಸ್ನಾಯುವಿಗೆ ಇಳಿದಿದ್ದರೆ ಚಿಕಿತ್ಸೆಯೇ ಬೇರೆ, ಮೂತ್ರಕೋಶವನ್ನೇ ತೆಗೆಯಬೇಕಾಗಬಹುದು. ನಜೀರ್ ಸಾಬರ ಗಡ್ಡೆ ಎರಡನೆಯ ಪದರಕ್ಕೆ ಬಂದಿತ್ತು. ಸ್ನಾಯುವಿನ ತುಣುಕು ಮಾತ್ರ ನನಗೆ ಬಂದ ಅಂಗಾಂಶದಲ್ಲಿ ಇರಲೇ ಇಲ್ಲ. ಇಂಥ ಕಡೆ ಆರು ವಾರದೊಳಗೆ ಇನ್ನೊಮ್ಮೆ ಆಳವಾಗಿ ಕೆರೆದು ನೋಡಲೇಬೇಕು. ವರದಿಯ ಕೊನೆಯಲ್ಲಿ ಅದನ್ನು ಇಂಗ್ಲಿಷಿನಲ್ಲಿ ಬರೆದೆ. ಯುರಾಲಜಿಸ್ಟ್ ಕೂಡ ಏಪ್ರಿಲಿನಲ್ಲಿ ಬರಲು ಹೇಳಿದ್ದರು.

ವರದಿ ಒಯ್ಯಲು ನಜೀರ್ ಸಾಬ್ ಮತ್ತು ಅವರ ಹೆಂಡತಿ ಶಮೀಮ್ ಬಂದರು. ಇಸ್ತ್ರಿ ಮಾಡಿದ ಬಿಳಿ ಶರಟು, ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆಳ್ಳಗೆ ಸುಕ್ಕಾದ ಬೆರಳುಗಳು. ಅವರು ಕೂರಲಿಲ್ಲ.

"ಡಾಕ್ಟ್ರಮ್ಮ, ಕೊಯ್ಯೋರು ಇನ್ನೊಂದ್ಸಲ ಕೊಯ್ಯೋಣ ಅಂತಾನೇ ಅಂತಾರೆ. ನಿಮಗೆ ಅದ್ರಿಂದ ಆಗ್ಬೇಕಾದ್ದೇನೂ ಇಲ್ಲ. ನೀವು ದಿಟ ಹೇಳಿ, ಇದು ಎಂಥಾದ್ದು?"

ಶಮೀಮ್ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಮನಸ್ಸು ಕರಗಿತು. "ಹೆದರ್ಬೇಡಿ ನಜೀರ್ ಸಾಬ್ರೆ, ಇದು ಸಾಧು ಜಾತಿ," ಎಂದುಬಿಟ್ಟೆ. ಅವರಿಬ್ಬರ ಮುಖ ಅರಳಿದ್ದನ್ನು ನೋಡಿ ನನಗೂ ಸಂತೋಷವಾಯಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ವರದಿಯ ಕೊನೆಯ ಸಾಲನ್ನು ಬಾಯಿಬಿಟ್ಟು ಹೇಳಲಿಲ್ಲ. ಯುರಾಲಜಿಸ್ಟ್ ಹೇಳಿದ್ದಾರಲ್ಲ ಎಂದುಕೊಂಡೆ.

ಅಕ್ಟೋಬರಿನಲ್ಲಿ ಅದೇ ಹೆಸರಿನಲ್ಲಿ ಅಂಗಾಂಶದ ಇನ್ನೊಂದು ಬಾಟಲಿ ಬಂತು. ಹೆಸರು ಓದಿದವಳೇ ಯುರಾಲಜಿಸ್ಟ್‌ಗೆ ಫೋನ್ ಮಾಡಿದೆ. ಏಪ್ರಿಲಿನಲ್ಲಿ ಅವರು ಹೋಗಿರಲೇ ಇಲ್ಲ. ಮತ್ತೆ ರಕ್ತ ಕಂಡಮೇಲೆ ಹೋಗಿದ್ದರು. ಈ ಸಲ ಸ್ನಾಯು ಇತ್ತು, ಸ್ನಾಯುವಿನ ಎಳೆಗಳ ನಡುವೆಲ್ಲ ಕ್ಯಾನ್ಸರ್ ಕೋಶಗಳಿದ್ದವು. ಕೆಐ-67 ನೂರಕ್ಕೆ ಅರವತ್ತು. ಹಳೆಯ ಸ್ಲೈಡುಗಳನ್ನು ಪೆಟ್ಟಿಗೆಯಿಂದ ತೆಗೆದು ಮಧ್ಯಾಹ್ನವೆಲ್ಲ ಮತ್ತೆ ಮತ್ತೆ ನೋಡಿದೆ. ನಾನು ಓದಿದ್ದರಲ್ಲಿ ತಪ್ಪಿರಲಿಲ್ಲ. ಗಡ್ಡೆಯ ಮೇಲ್ಭಾಗ ನಿಜಕ್ಕೂ ಸಾಧುವಾಗಿತ್ತು. ಅದರ ಕೆಳಗೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಹೇಳಿರಲೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸ್ಕ್ಯಾನಿನಲ್ಲಿ ರೋಗ ಆಗಲೇ ಮೂತ್ರಕೋಶದಾಚೆಗೆ ಹರಡಿತ್ತು. ಬೆಂಗಳೂರಿನಲ್ಲಿ ಕೀಮೊಥೆರಪಿ ಶುರುಮಾಡುವ ಮೊದಲು ನಜೀರ್ ಸಾಬ್ ಒಬ್ಬರೇ ನನ್ನ ಕೋಣೆಗೆ ಬಂದರು. ಶರಟು ಮೈಮೇಲೆ ನೇತಾಡುತ್ತಿತ್ತು. ಈ ಸಲ ಕೂತರು.

"ಏಪ್ರಿಲಲ್ಲಿ ಯಾಕೆ ಹೋಗ್ಲಿಲ್ಲ?" ಎಂದು ಕೇಳಿದೆ.

"ರಂಜಾನ್ ಬಂತು. ಆಮೇಲೆ ರಕ್ತಾನೂ ನಿಂತೋಯ್ತು. ಸಾಧು ಜಾತಿ ಅಂದಿದ್ರಲ್ಲ ನೀವು."

ಮೇಲಿನ ಭಾಗವಷ್ಟೇ ನನ್ನ ಕೈಗೆ ಬಂದಿತ್ತು ಎಂದು ಆಗ ವಿವರಿಸಿದೆ. ಸ್ನಾಯುವಿನ ವಿಚಾರವನ್ನು ಏಳು ತಿಂಗಳು ತಡವಾಗಿ ಹೇಳಿದೆ. ಅವರು ಕೇಳಿಸಿಕೊಂಡು ತಲೆಯಾಡಿಸಿದರು.

"ಮಾರ್ಕೆಟ್ಟಲ್ಲಿ ನಾವು ಗೂಡು ಕೊಳ್ವಾಗ ರಾಶಿ ತಳದವರ್ಗೂ ಕೈ ಹಾಕ್ತೀವಿ ಡಾಕ್ಟ್ರಮ್ಮ. ಮೇಲ್ಗಡೆ ಗೂಡು ಯಾವಾಗ್ಲೂ ಚೆನ್ನಾಗೇ ಇರ್ತದೆ. ನಿಮ್ಮ ಕೈ ತಳಕ್ಕೆ ಹೋಗಿಲ್ಲ ಅಂತ ಒಂದ್ಮಾತು ಅಂದಿದ್ರೆ ನನಗೆ ತಿಳೀತಿತ್ತು."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಕೆಲಸ ಬಲ್ಲವರೊಬ್ಬರು ಇನ್ನೊಬ್ಬರಿಗೆ ಹೇಳುವಂತೆ ಹೇಳಿದರು. ಹೊರಡುವಾಗ ಸಲಾಂ ಮಾಡಿ ಹೋದರು. ಬಾಗಿಲು ಹಾಕಿಕೊಂಡು ಅತ್ತೆ.

ಮರುವರ್ಷ ಯುಗಾದಿಗೆ ಮೊದಲು ಅವರು ತೀರಿಕೊಂಡ ಸುದ್ದಿ ಬಂತು. ಹೋಗಬೇಕೆಂದುಕೊಂಡೆ, ಹೋಗುವ ಮುಖವಿರಲಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ ಶಮೀಮ್ ಬಂದರು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಡತಿ ಮನೆಯೊಳಗೇ ಇರುವ ಇದ್ದತ್ತಿನ ಪದ್ಧತಿ ಅವರಲ್ಲಿದೆ. ಅದು ಮುಗಿದ ಮೇಲೆ ಮೊದಲು ಹೊರಟದ್ದು ನನ್ನ ಹತ್ತಿರಕ್ಕೇ. ಕೂತು ನೀರು ಕುಡಿದರು.

"ಒಂದೇ ಮಾತು ಕೇಳೋಕೆ ಬಂದೆ. ಆವಾಗ ಏಪ್ರಿಲಲ್ಲೇ ಹೋಗಿದ್ದಿದ್ರೆ ಇವ್ರು ಉಳೀತಿದ್ರಾ?"

ಇಂಥ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿದೆ: ಹೇಳಲು ಬರುವುದಿಲ್ಲಮ್ಮ, ಎಲ್ಲ ದೇವರ ಇಚ್ಛೆ. ಅದು ಪೂರ್ತಿ ಸುಳ್ಳೂ ಅಲ್ಲ. ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಖಂಡಿತ ಅಂತ ಹೇಳೋಕಾಗಲ್ಲಮ್ಮ. ಉಳಿಯೋ ದಾರಿ ಇತ್ತು. ಹೋಗ್ಲೇಬೇಕು ಅಂತ ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪು ನಂದು."

ಆಕೆ ಕಿರುಚಾಡುತ್ತಾರೆ ಎಂದುಕೊಂಡಿದ್ದೆ. ಆಕೆ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು.

"ಇವ್ರು ಹೋಗಿ ಬಂದ್ಬಿಡೋಣ ಅಂದ್ರು ಡಾಕ್ಟ್ರಮ್ಮ. ನಾನೇ ರಂಜಾನ್ ರೋಜಾ ಮುಗೀಲಿ ಅಂದೆ. ಸಾಧು ಜಾತಿ ಅಂದಿದಾರಲ್ಲ, ಅವಸರ ಏನು ಅಂದೆ. ಇಬ್ರು ಮಕ್ಳೂ ನನ್ನ ಹತ್ರ ಸರಿಯಾಗಿ ಮಾತಾಡಲ್ಲ. ಅಬ್ಬಾನ ಅಮ್ಮೀನೇ ತಡೆದ್ಲು ಅಂತ ಅವ್ರ ಮನಸ್ಸಲ್ಲಿದೆ."

ನಾಲ್ಕು ತಿಂಗಳು ಹತ್ತು ದಿನ ಆಕೆ ಆ ಮನೆಯೊಳಗೆ, ಆ ಮಕ್ಕಳ ಮೌನದ ನಡುವೆ ಕೂತಿದ್ದರು. ನನ್ನ ಮಾತಿನ ಭಾರವನ್ನು ನನ್ನ ಬದಲು ಹೊತ್ತಿದ್ದರು.

"ಈಗ ನನಗೆ ಹೇಳಿದ್ರಲ್ಲ, ಅದನ್ನ ಅವ್ರ ಮುಂದೆ ಒಂದ್ಸಲ ಹೇಳ್ತೀರಾ?"

ಮುಂದಿನ ಭಾನುವಾರ ಶಿಡ್ಲಘಟ್ಟಕ್ಕೆ ಹೋದೆ. ಮುಂದಿನ ಕೋಣೆಯಲ್ಲಿ ಇಬ್ಬರು ಗಂಡುಮಕ್ಕಳು ಗೋಡೆಗೊರಗಿ ನಿಂತಿದ್ದರು. ಹಳೆಯ ವರದಿಯನ್ನು ಕೈಯಲ್ಲಿ ಹಿಡಿದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕನ್ನಡದಲ್ಲಿ ಓದಿ ಹೇಳಿದೆ. ಬಾಯಲ್ಲಿ ಹೇಳದೆ ಬಿಟ್ಟದ್ದು ಯಾವ ಸಾಲು ಎಂದು ಬೆರಳಿಟ್ಟು ತೋರಿಸಿದೆ. ನಿಮ್ಮ ತಾಯಿ ನಂಬಿದ್ದು ನನ್ನ ಮಾತನ್ನು, ಬಯ್ಯುವುದಿದ್ದರೆ ನನ್ನನ್ನು ಬಯ್ಯಿರಿ ಎಂದೆ. ದೊಡ್ಡ ಮಗ ನನ್ನನ್ನು ಉರಿಗಣ್ಣಿನಿಂದ ನೋಡಿದ. ಎದ್ದು ಹೊರಟಾಗ ಹೋಗಿ ಬನ್ನಿ ಎಂದೂ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಕಂಡದ್ದನ್ನು ಹೇಳುವುದು ನನ್ನ ವೃತ್ತಿ ಎಂದು ಮೂವತ್ತೈದು ವರ್ಷ ತಿಳಿದಿದ್ದೆ. ಕಾಣದೆ ಉಳಿದದ್ದನ್ನು ಅಷ್ಟೇ ಗಟ್ಟಿಯಾಗಿ, ಕೇಳುವವರ ಭಾಷೆಯಲ್ಲಿ ಹೇಳದಿದ್ದರೆ ಅದರ ಫಲವನ್ನು ಏನೂ ತಪ್ಪು ಮಾಡದವರು ಉಣ್ಣುತ್ತಾರೆ ಎಂದು ಆ ಮನೆಯಲ್ಲಿ ಕಲಿತೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಹಿಂದಿನಿಂದ ದೊಡ್ಡ ಮಗನ ದನಿ ಕೇಳಿತು. ಅವನು ತಾಯಿಯನ್ನು ಊಟ ಆಯಿತೇ ಎಂದು ಕೇಳುತ್ತಿದ್ದ.